ಮಿಕ್ಸರ್‌ನ ಹಿಂದಿನ ಕೊರತೆಗಳು: ರೇಡಿಯೊ ಆವರ್ತನ ಬದಲಾವಣೆಯ ಚರಿತ್ರೆ

ರೇಡಿಯೊ ಗ್ರಾಹಕಗಳ ಚರಿತ್ರೆಯಲ್ಲಿ ವಾಲ್ವಿಗೆ ಅಧ್ಯಾಯಗಳಿವೆ, ಟ್ರಾನ್ಸಿಸ್ಟರಿಗೆ ಗ್ರಂಥಗಳೇ ಇವೆ. ಒಂದು ಆವರ್ತನವನ್ನು ಇನ್ನೊಂದಕ್ಕೆ ಇಳಿಸುವ ಅಥವಾ ಏರಿಸುವ ಮಿಕ್ಸರ್‌ಗೆ ಸಿಗುವುದು ಹೆಚ್ಚೆಂದರೆ ನಾಲ್ಕಾರು ಸಾಲು. ಇದು ಸಣ್ಣ ಲೋಪವಲ್ಲ. ಯಾವ ಕಾಲದಲ್ಲಿ ಯಾವ ಬಗೆಯ ಮಿಕ್ಸರ್ ಗೆದ್ದಿತು ಎಂದು ಹುಡುಕುತ್ತ ಹೋದರೆ, ಆ ಕಾಲದ ರೇಡಿಯೊ ತಂತ್ರಜ್ಞಾನ ಎಲ್ಲಿ ಸೊರಗಿತ್ತು ಎಂಬುದು ಕಾಣುತ್ತದೆ. ಮಿಕ್ಸರ್‌ನ ಆಯ್ಕೆಯನ್ನು ಪ್ರತಿ ಸಲವೂ ತೀರ್ಮಾನಿಸಿದ್ದು ಅದರ ಸ್ವಂತ ಗುಣಕ್ಕಿಂತ ಹೆಚ್ಚಾಗಿ ಅದರ ಅಕ್ಕಪಕ್ಕದ ಭಾಗಗಳ ಕೊರತೆ ಎಂಬುದು ಈ ಲೇಖನದ ವಾದ.

ಮೊದಲು ಕೆಲಸದ ಬಗೆ. ಎರಡು ಸಂಕೇತಗಳು ಒಂದೇ ತಂತಿಯಲ್ಲಿ ಕೂಡಿದ ಮಾತ್ರಕ್ಕೆ ಮೂರನೆಯ ಆವರ್ತನ ಹುಟ್ಟುವುದಿಲ್ಲ. ಒಂದನ್ನು ಇನ್ನೊಂದರಿಂದ ಗುಣಿಸಬೇಕು. ಅದಕ್ಕೆ ಡಯೋಡಿನಂಥ ಅರೇಖೀಯ ಸಾಧನ ಬೇಕು, ಇಲ್ಲವೇ ಗ್ರಾಹಕದೊಳಗೇ ಆಂದೋಲಿಸುವ ಲೋಕಲ್ ಆಸಿಲೇಟರ್‌ನ ತಾಳಕ್ಕೆ ತೆರೆದು ಮುಚ್ಚುವ ಸ್ವಿಚ್ ಬೇಕು. ಆಗ ಎರಡು ಆವರ್ತನಗಳ ಮೊತ್ತವೂ ವ್ಯತ್ಯಾಸವೂ ಹೊರಬರುತ್ತವೆ. ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗಾಂತರ ಪ್ರಸಾರದ ಆವರ್ತನ 612 ಕಿಲೋಹರ್ಟ್ಸ್. ಅದನ್ನು ಹಿಡಿಯಲು ಹಳೆಯ ರೇಡಿಯೊದ ಆಸಿಲೇಟರ್ 1067ರಲ್ಲಿ ಆಂದೋಲಿಸುತ್ತದೆ, ಉಳಿಯುವ ವ್ಯತ್ಯಾಸ 455. ಮುಂದಿನ ವರ್ಧನೆ, ಶೋಧನೆ ಎಲ್ಲವೂ ಈ ಒಂದೇ ಆವರ್ತನದಲ್ಲಿ ನಡೆಯುತ್ತವೆ. ಆದರೆ 1522 ಕಿಲೋಹರ್ಟ್ಸ್‌ನಲ್ಲಿ ಬೇರೊಂದು ಕೇಂದ್ರ ಇದ್ದರೆ ಅದೂ 1067ರೊಡನೆ ಸೇರಿ 455ನ್ನೇ ಕೊಡುತ್ತದೆ. ಇದಕ್ಕೆ ಇಮೇಜ್ ಆವರ್ತನ ಎನ್ನುತ್ತಾರೆ. ಸಾಮಾನ್ಯ ಮಿಕ್ಸರ್ ಎಷ್ಟೇ ದುಬಾರಿಯಾಗಿರಲಿ, ಇವೆರಡರ ಅಂತರ ಅದಕ್ಕೆ ತಿಳಿಯದು. ಮಿಕ್ಸರ್‌ಗಿಂತ ಮುಂಚೆ ಇರುವ ಫಿಲ್ಟರೇ ಅದನ್ನು ತಡೆಯಬೇಕು.

ಎರಡು ಆವರ್ತನಗಳ ವ್ಯತ್ಯಾಸದಿಂದ ಸಂಕೇತವನ್ನು ಕೇಳಿಸಿಕೊಳ್ಳುವ ಹೆಟೆರೋಡೈನ್ ತತ್ತ್ವಕ್ಕೆ ರೆಜಿನಾಲ್ಡ್ ಫೆಸೆಂಡೆನ್ 1902ರಲ್ಲಿ ಪೇಟೆಂಟ್ ಪಡೆದ. ವಿಚಾರ ಸರಿಯಾಗಿತ್ತು, ಆದರೆ ಗ್ರಾಹಕದೊಳಗೆ ಸ್ಥಿರವಾಗಿ ಆಂದೋಲಿಸುವ ಸಣ್ಣ ಸಾಧನ ಆಗ ಯಾರ ಬಳಿಯೂ ಇರಲಿಲ್ಲ. 1912–13ರ ಸುಮಾರಿಗೆ ಟ್ರಯೋಡ್ ವಾಲ್ವಿನ ಮರುಪೂರಣ ಆಂದೋಲಕ ಬಂದಮೇಲೆಯೇ ಅದಕ್ಕೆ ಜೀವ ಬಂತು.

ಮೊದಲ ಮಹಾಯುದ್ಧ ಎರಡನೆಯ ಕೊರತೆಯನ್ನು ಎದುರು ತಂದಿತು. ಒಳ ವಿದ್ಯುದ್ವಾರಗಳ ನಡುವಿನ ಧಾರಣೆಯಿಂದಾಗಿ ಅಂದಿನ ಟ್ರಯೋಡುಗಳು ಉನ್ನತ ಆವರ್ತನಗಳನ್ನು ವರ್ಧಿಸಲಾರದೆ ಹೋದವು. ವರ್ಧಿಸಲಾಗದಿದ್ದರೆ ಆವರ್ತನವನ್ನೇ ಕೆಳಗಿಳಿಸಿ ವರ್ಧಿಸೋಣ ಎಂಬ ಉತ್ತರ ಫ್ರಾನ್ಸಿನ ಲೂಸಿಯೆನ್ ಲೆವಿಗೆ 1917ರಲ್ಲಿ, ಜರ್ಮನಿಯ ವಾಲ್ಟರ್ ಶಾಟ್ಕಿಗೆ 1918ರಲ್ಲಿ ಹೊಳೆಯಿತು. ಪ್ಯಾರಿಸಿನಲ್ಲಿ ಅಮೆರಿಕದ ಸೇನೆಯ ಸಿಗ್ನಲ್ ದಳದಲ್ಲಿದ್ದ ಎಡ್ವಿನ್ ಆರ್ಮ್‌ಸ್ಟ್ರಾಂಗ್ ಅದೇ 1918ರ ಕೊನೆಗೆ ಫ್ರಾನ್ಸಿನಲ್ಲಿ ಅರ್ಜಿ ಹಾಕಿದ. ಸೂಪರ್‌ಹೆಟ್ ಎಂದು ಹೆಸರಾದ ಈ ವಿಧಾನದ ಕೀರ್ತಿ ಇಂದಿಗೂ ಆರ್ಮ್‌ಸ್ಟ್ರಾಂಗ್‌ನದೇ. ಆದರೆ 1928ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯದಲ್ಲಿ ಲೆವಿಯ ಪೂರ್ವತ್ವ ಗೆದ್ದಿತು, ಬಹುಪಾಲು ಹಕ್ಕುಗಳು ಅವನ ಕಡೆ ಹೋದವು. ಒಬ್ಬನನ್ನೇ ಜನಕನೆಂದು ಕರೆಯುವುದು ನನಗೆ ಒಪ್ಪಿಗೆಯಿಲ್ಲ. ಶತ್ರು ಪಾಳೆಯಗಳಲ್ಲಿದ್ದವರೂ ಒಂದೇ ಅಡಚಣೆಗೆ ಒಂದೇ ದಾರಿ ಕಂಡುಕೊಂಡರು ಎಂಬುದೇ ಇಲ್ಲಿ ಹೆಚ್ಚಿನ ಸಂಗತಿ.

1924ರಲ್ಲಿ ಆರ್‌ಸಿಎ ಸೂಪರ್‌ಹೆಟ್ ರೇಡಿಯೊವನ್ನು ಮಾರುಕಟ್ಟೆಗೆ ತಂದಿತು. 1933ರ ಹೊತ್ತಿಗೆ ಐದು ಗ್ರಿಡ್‌ಗಳ ಪೆಂಟಾಗ್ರಿಡ್ ವಾಲ್ವು ಬಂದು ಆಸಿಲೇಟರ್ ಮತ್ತು ಮಿಕ್ಸರ್ ಎರಡೂ ಒಂದೇ ಗಾಜಿನೊಳಗೆ ಸೇರಿದವು. ಈ ವಾಲ್ವಿನ ಸ್ವಂತ ಗದ್ದಲ ಬಹಳ. ಆದರೂ ಯಾರಿಗೂ ಅದು ತೊಡಕಾಗಲಿಲ್ಲ, ಏಕೆಂದರೆ ಮಧ್ಯಮ ತರಂಗಾಂತರದಲ್ಲಿ ಸಿಡಿಲು, ವಾತಾವರಣದ ಗದ್ದಲವೇ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಕೆಲವೇ ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ ಗ್ರಾಹಕಕ್ಕೆ ಅತಿ ಕಡಿಮೆ ಗದ್ದಲದ ಮಿಕ್ಸರ್‌ಗಾಗಿ ಹಣ ಸುರಿಯುವುದು ಇಂದಿಗೂ ವ್ಯರ್ಥ.

ರೇಡಾರ್ ಬಂದಾಗ ಲೆಕ್ಕ ತಲೆಕೆಳಗಾಯಿತು. 1940ರಲ್ಲಿ ಬರ್ಮಿಂಗ್‌ಹ್ಯಾಮ್‌ನ ರ‍್ಯಾಂಡಲ್ ಮತ್ತು ಬೂಟ್ ಕ್ಯಾವಿಟಿ ಮ್ಯಾಗ್ನೆಟ್ರಾನ್ ಕಟ್ಟಿದ ಬಳಿಕ ಹತ್ತು ಸೆಂಟಿಮೀಟರ್ ತರಂಗ, ಅಂದರೆ 3 ಗಿಗಾಹರ್ಟ್ಸ್, ಸೇನೆಯ ಕೈಗೆ ಬಂತು. ಅಷ್ಟು ಎತ್ತರದಲ್ಲಿ ಗದ್ದಲ ಹೆಚ್ಚಿಸದೆ ವರ್ಧಿಸುವ ವಾಲ್ವು ಇರಲಿಲ್ಲ. ಹೀಗಾಗಿ ಆಂಟೆನಾದ ಬಳಿಕ ಬರುವ ಮೊದಲ ಸಾಧನ ಮಿಕ್ಸರೇ ಆಗಬೇಕಾಯಿತು, ಅದರ ನಷ್ಟವೆಲ್ಲ ಗ್ರಾಹಕದ ಗದ್ದಲಕ್ಕೆ ನೇರವಾಗಿ ಸೇರತೊಡಗಿತು. ತಂತ್ರಜ್ಞರು ಹಿಂದಿರುಗಿದ್ದು ವಾಲ್ವಿಗಿಂತ ಹಳೆಯ ಹರಳಿಗೆ. ಗೆಲೀನಾ ಹರಳಿನ ಶೋಧಕಕ್ಕೆ ನಮ್ಮ ಜಗದೀಶಚಂದ್ರ ಬೋಸರು 1904ರಲ್ಲೇ ಅಮೆರಿಕದ ಪೇಟೆಂಟ್ ಪಡೆದಿದ್ದರು, ಮಿಲಿಮೀಟರ್ ತರಂಗಗಳ ಪ್ರಯೋಗಗಳನ್ನು 1890ರ ದಶಕದಲ್ಲೇ ಮಾಡಿದ್ದರು. ಈಗ ಗೆಲೀನಾದ ಜಾಗಕ್ಕೆ ಸಿಲಿಕಾನ್ ಬಂತು, ಅದರ ಮೇಲೆ ಚೂಪಾದ ಟಂಗ್‌ಸ್ಟನ್ ತಂತಿ ಊರಿತು.

ತನ್ನದೇ ಮ್ಯಾಗ್ನೆಟ್ರಾನ್‌ನ ಸ್ಪಂದನ ಸೋರಿ ಬಂದರೆ ಆ ಹರಳು ಸುಟ್ಟುಹೋಗುತ್ತಿತ್ತು, ಅದನ್ನು ತಡೆಯಲು ಅನಿಲ ತುಂಬಿದ ಸ್ವಿಚ್ ಬೇಕಾಯಿತು. ಲೋಕಲ್ ಆಸಿಲೇಟರ್ ಆಗಿ ಬಳಸಿದ ಕ್ಲೈಸ್ಟ್ರಾನ್ ವಾಲ್ವಿನ ಗದ್ದಲವೂ ಸಂಕೇತದೊಂದಿಗೆ ಇಳಿದು ಬರುತ್ತಿತ್ತು. ಎರಡು ಹರಳುಗಳನ್ನು ಮ್ಯಾಜಿಕ್-ಟೀ ಎಂಬ ತರಂಗನಾಳದ ಜೋಡಣೆಯಲ್ಲಿ ಇಟ್ಟು ಆ ಗದ್ದಲ ಪರಸ್ಪರ ರದ್ದಾಗುವಂತೆ ಮಾಡಿದರು. ಅದೇ ಬ್ಯಾಲೆನ್ಸ್‌ಡ್ ಮಿಕ್ಸರ್. ಎಂಐಟಿಯ ರೇಡಿಯೇಷನ್ ಲ್ಯಾಬೊರೇಟರಿಯ ಗ್ರಂಥಮಾಲೆಯಲ್ಲಿ 1948ರಲ್ಲಿ ಹೊರಬಂದ ಟಾರಿ ಮತ್ತು ವಿಟ್ಮರ್ ಅವರ ಹರಳು ದಿಷ್ಟಕಾರಿಗಳ ಗ್ರಂಥ, ರಾಬರ್ಟ್ ಪೌಂಡ್ ಅವರ ಮೈಕ್ರೋವೇವ್ ಮಿಕ್ಸರ್ ಗ್ರಂಥ ಎರಡೂ ಈ ದುಡಿಮೆಯ ದಾಖಲೆ. ಈ ವಿಷಯಕ್ಕೆ ಹೊಸದಾಗಿ ಬರುವ ವಿದ್ಯಾರ್ಥಿಗೆ ನಾನು ಮೊದಲು ಹೇಳುವುದು ಇವನ್ನೇ.

ಬ್ಯಾಲೆನ್ಸ್‌ಡ್ ಮಿಕ್ಸರ್‌ನ ಇನ್ನೊಂದು ರೂಪವಾದ ನಾಲ್ಕು ಡಯೋಡುಗಳ ಉಂಗುರ ಹುಟ್ಟಿದ್ದು ರೇಡಿಯೊದಲ್ಲಲ್ಲ, ಒಂದೇ ಜೋಡಿ ತಂತಿಯಲ್ಲಿ ಹಲವು ಮಾತುಕತೆ ಸಾಗಿಸುವ ದೂರವಾಣಿ ವ್ಯವಸ್ಥೆಯಲ್ಲಿ. ಇಂಥ ಡಯೋಡ್ ಮಾಡ್ಯುಲೇಟರ್‌ಗೆ ಫ್ರ್ಯಾಂಕ್ ಕೊವನ್ 1935ರಲ್ಲಿ ಪೇಟೆಂಟ್ ಪಡೆದ. ಉಂಗುರದಲ್ಲಿದ್ದ ತಾಮ್ರದ ಆಕ್ಸೈಡ್ ಡಯೋಡುಗಳ ಬದಲು ಶಾಟ್ಕಿ ಡಯೋಡ್ ಬಂದಾಗ ಅದು ಗಿಗಾಹರ್ಟ್ಸ್‌ಗೆ ಏರಿತು. ಆದರ್ಶ ಸ್ವಿಚ್‌ನಲ್ಲಿ ಪರಿವರ್ತನಾ ನಷ್ಟ 3.92 ಡೆಸಿಬಲ್; ನಿಜದಲ್ಲಿ 6–7. ಸಾಧನ ಸೇರಿಸುವ ಗದ್ದಲದ ಅಳತೆಯಾದ ಗದ್ದಲಾಂಕವೂ ಹೆಚ್ಚುಕಡಿಮೆ ಅಷ್ಟೇ. ಆಸಿಲೇಟರ್ ಶಕ್ತಿ 7 ಡಿಬಿಎಂ, ಅಂದರೆ 5 ಮಿಲಿವ್ಯಾಟ್, ಸಾಕಾಗುವ ಮಾದರಿಗಳಿವೆ. 17 ಡಿಬಿಎಂ, ಅಂದರೆ 50 ಮಿಲಿವ್ಯಾಟ್ ಬೇಡುವವೂ ಇವೆ. ಪಕ್ಕದಲ್ಲೇ ಬಲವಾದ ಪ್ರಸಾರಕ ಇರುವಲ್ಲಿ ಎರಡನೆಯದನ್ನೇ ಆರಿಸಬೇಕು. ಒಳಬರುವ ಎರಡು ಸಂಕೇತಗಳು ಒಂದು ಡೆಸಿಬಲ್ ಏರಿದರೆ ಅವು ಹುಟ್ಟಿಸುವ ಮೂರನೆಯ ಶ್ರೇಣಿಯ ಕಳ್ಳಸಂಕೇತಗಳು ಮೂರು ಡೆಸಿಬಲ್ ಏರುತ್ತವೆ, ದುರ್ಬಲ ಮಿಕ್ಸರ್ ಅಲ್ಲಿ ಬೇಗ ಸೋಲುತ್ತದೆ.

ಹೆರಾಲ್ಡ್ ಫ್ರೀಸ್ 1944ರಲ್ಲಿ ಕೊಟ್ಟ ಸೂತ್ರದಂತೆ, ಮೊದಲ ಹಂತದಲ್ಲಿ ಒಳ್ಳೆಯ ವರ್ಧಕ ಇದ್ದರೆ ಅದರ ನಂತರದ ಹಂತಗಳು ಸೇರಿಸುವ ಗದ್ದಲ ಆ ವರ್ಧನೆಯಿಂದ ಭಾಗವಾಗುತ್ತದೆ. ಕಡಿಮೆ ಗದ್ದಲದ ಟ್ರಾನ್ಸಿಸ್ಟರ್ ವರ್ಧಕಗಳು ಬಂದಮೇಲೆ ಮಿಕ್ಸರ್‌ನ ಗದ್ದಲ ಹಿನ್ನೆಲೆಗೆ ಸರಿಯಿತು, ರೇಖೀಯತೆ ಮುಂದೆ ಬಂತು. ವರ್ಧಿತ ಸಂಕೇತವನ್ನು ತಾಳಿಕೊಳ್ಳುವ ಹೊಣೆ ಈಗ ಮಿಕ್ಸರ್‌ನದು. ಬ್ಯಾರಿ ಗಿಲ್ಬರ್ಟ್ 1968ರ ಪ್ರಬಂಧದಲ್ಲಿ ವಿವರಿಸಿದ ಗುಣಕ ಮಂಡಲದ ತಿರುಳನ್ನು ಹೊವರ್ಡ್ ಜೋನ್ಸ್ 1963ರಲ್ಲೇ ಕಂಡಿದ್ದ. ಗಿಲ್ಬರ್ಟ್ ಸೆಲ್ ಎಂದೇ ಹೆಸರಾದ ಅದು ಟ್ರಾನ್ಸ್‌ಫಾರ್ಮರ್ ಇಲ್ಲದೆ ಚಿಪ್ಪಿನೊಳಗೆ ಕೂರುತ್ತದೆ, ನಷ್ಟದ ಬದಲು ವರ್ಧನೆ ಕೊಡುತ್ತದೆ, ಕಡಿಮೆ ಆಸಿಲೇಟರ್ ಶಕ್ತಿಗೆ ತೃಪ್ತಿಪಡುತ್ತದೆ. ಪ್ರತಿಯಾಗಿ ವಿದ್ಯುತ್ ಬೇಡುತ್ತದೆ, ಡಯೋಡ್ ಉಂಗುರಕ್ಕಿಂತ ಹೆಚ್ಚು ಗದ್ದಲ ಮಾಡುತ್ತದೆ.

ಮೊಬೈಲ್ ಫೋನುಗಳು ಸಂಕೇತವನ್ನು ನೇರವಾಗಿ ಸೊನ್ನೆ ಆವರ್ತನಕ್ಕೆ ಇಳಿಸತೊಡಗಿದಾಗ ಬೇರೆ ಕೇಂದ್ರದ ಇಮೇಜ್ ಕಾಟ ತಪ್ಪಿತು. ಬದಲಿಗೆ ಸೋರಿದ ಆಸಿಲೇಟರ್ ತನ್ನೊಡನೆ ತಾನೇ ಬೆರೆತು ಏಕಮುಖ ವೋಲ್ಟೇಜ್ ಹುಟ್ಟಿಸಿತು, ಟ್ರಾನ್ಸಿಸ್ಟರುಗಳ ಕೆಳ ಆವರ್ತನದ ಗದ್ದಲ ಸಂಕೇತದ ಮೇಲೆಯೇ ಬಂದು ಕುಳಿತಿತು. ಆದ್ದರಿಂದಲೇ ಅಂಥ ಚಿಪ್ಪುಗಳಲ್ಲಿ ಏಕಮುಖ ವಿದ್ಯುತ್ ಹರಿಯದ ಮಾಸ್‌ಫೆಟ್ ಸ್ವಿಚ್‌ಗಳ ನಿಷ್ಕ್ರಿಯ ಮಿಕ್ಸರ್‌ಗೆ ಮತ್ತೆ ಬೇಡಿಕೆ ಬಂದಿದೆ.