ಗ್ನೂ/ಲಿನಕ್ಸ್ ಹೆಸರಿನ ವಿವಾದ

ಜನ ಲಿನಕ್ಸ್ ಎಂದು ಕರೆಯುವ ಆಪರೇಟಿಂಗ್ ಸಿಸ್ಟಮ್ಮನ್ನು ‘ಗ್ನೂ/ಲಿನಕ್ಸ್’ ಎನ್ನಬೇಕೇ ಎಂಬ ತಕರಾರು ಸ್ವತಂತ್ರ ತಂತ್ರಾಂಶ ವಲಯದಲ್ಲಿ 1990ರ ದಶಕದಿಂದ ನಡೆದುಬಂದಿದೆ. ಒಂದು ಓರೆಗೆರೆಗೆ ಇಷ್ಟು ಜಗಳವೇ ಎಂದು ಹೊರಗಿನವರು ನಕ್ಕಾರು. ಆಗ ಬಹುಪಾಲು ಸಂಬಳವಿಲ್ಲದೆ ನಡೆಯುತ್ತಿದ್ದ ಕೆಲಸದಲ್ಲಿ ಹೆಸರೇ ಕೂಲಿ ಎಂಬುದನ್ನು ಅವರು ಗಮನಿಸಿರುವುದಿಲ್ಲ.

ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಯುನಿಕ್ಸ್ ಮಾದರಿಯ ವ್ಯವಸ್ಥೆಯೊಂದನ್ನು ಕಟ್ಟುವುದಾಗಿ ರಿಚರ್ಡ್ ಸ್ಟಾಲ್ಮನ್ 1983ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿ, ಅದಕ್ಕೆ ಗ್ನೂ ಎಂದು ಹೆಸರಿಟ್ಟರು. ಮರುವರ್ಷ ಎಂಐಟಿಯ ನೌಕರಿ ಬಿಟ್ಟರು. ಹತ್ತು ವರ್ಷ ತುಂಬುವ ಮೊದಲೇ ಇಮ್ಯಾಕ್ಸ್ ಎಡಿಟರ್, ಜಿಸಿಸಿ ಕಂಪೈಲರ್, ಬ್ಯಾಶ್ ಶೆಲ್, ಜಿಪಿಎಲ್ ಪರವಾನಗಿ ಎಲ್ಲವೂ ಬಂದಿದ್ದವು. ಯಂತ್ರದೊಡನೆ ನೇರವಾಗಿ ವ್ಯವಹರಿಸುವ ಕರ್ನೆಲ್ ಮಾತ್ರ ಬಾಕಿ. 1990ರಲ್ಲಿ ಕೈಗೆತ್ತಿಕೊಂಡ ‘ಹರ್ಡ್’ ಕುಂಟುತ್ತಲೇ ಉಳಿಯಿತು.

ಆ ಜಾಗಕ್ಕೆ ಬಂದು ಕೂತದ್ದು ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಬರೆದ ಕರ್ನೆಲ್. ಇದು ಬರೀ ಹವ್ಯಾಸ, ಗ್ನೂ ಥರ ದೊಡ್ಡದೇನೂ ಆಗದು ಎಂದು ಅವರೇ ಮೊದಲ ಪ್ರಕಟಣೆಯಲ್ಲಿ ಹೇಳಿದ್ದರು. ತಮ್ಮ ಹೆಸರನ್ನೇ ಇಟ್ಟುಕೊಂಡರೆ ಜಂಬವೆನಿಸೀತು ಎಂದು ‘ಫ್ರೀಕ್ಸ್’ ಎಂಬ ಹೆಸರನ್ನು ಯೋಚಿಸಿದ್ದರು. ಎಫ್‌ಟಿಪಿ ಸರ್ವರ್ ನೋಡಿಕೊಳ್ಳುತ್ತಿದ್ದ ಆರಿ ಲೆಮ್ಕೆಗೆ ಅದು ಹಿಡಿಸಲಿಲ್ಲ. ಕಡತಗಳ ಫೋಲ್ಡರಿಗೆ ಲಿನಕ್ಸ್ ಎಂದು ಹೆಸರು ಕೊಟ್ಟುಬಿಟ್ಟರು. ಲಿನಸ್ ಹೆಸರು ಕಿತ್ತುಕೊಂಡರು ಎಂದು ದೂರುವವರು ಈ ಸಂಗತಿಯನ್ನು ಸಾಮಾನ್ಯವಾಗಿ ಎತ್ತುವುದಿಲ್ಲ. 1992ರಲ್ಲಿ ಕರ್ನೆಲ್ ಕೂಡ ಜಿಪಿಎಲ್ ಅಡಿಗೆ ಬಂತು. ಗ್ನೂ ಸಲಕರಣೆಗಳ ಜೊತೆ ಸೇರಿ ಪೂರ್ತಿ ವ್ಯವಸ್ಥೆಯಾದಾಗ, ಇಡೀ ಗಂಟಿಗೆ ಅಂಟಿದ್ದು ಕರ್ನೆಲ್ಲಿನ ಹೆಸರು.

1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ, ಇಂಥ ಗಂಟೊಂದನ್ನು ಹಂಚುವ ‘ವಿತರಣೆ’ಯಾದ ಡೆಬಿಯನ್ ಕೆಲಕಾಲ ಸ್ಟಾಲ್ಮನ್‌ರ ಫ್ರೀ ಸಾಫ್ಟ್‌ವೇರ್ ಫೌಂಡೇಷನ್ನಿನ ನೆರವು ಪಡೆಯಿತು, ‘ಡೆಬಿಯನ್ ಗ್ನೂ/ಲಿನಕ್ಸ್’ ಎಂದೇ ಕರೆದುಕೊಂಡಿತು. ಜಗಳ ಬಹಿರಂಗಕ್ಕೆ ಬಂದದ್ದು 1996ರ ಮೇ ತಿಂಗಳಲ್ಲಿ. ಯಾವ ವ್ಯವಸ್ಥೆಗಾಗಿ ಪ್ರೋಗ್ರಾಂ ಸಿದ್ಧವಾಗುತ್ತಿದೆ ಎಂದು ನಮೂದಿಸುವ ಕಡೆ ‘ಲಿನಕ್ಸ್’ ಎಂದಿದ್ದುದನ್ನು ಇಮ್ಯಾಕ್ಸ್ 19.31ರಲ್ಲಿ ಸ್ಟಾಲ್ಮನ್ ‘ಲಿಗ್ನಕ್ಸ್’ ಎಂದು ಬದಲಿಸಿದರು. ಬಳಕೆದಾರರು ರೇಗಿದರು. ಮುಂದಿನ ಆವೃತ್ತಿಯಲ್ಲೇ ಅದು ‘ಲಿನಕ್ಸ್-ಗ್ನೂ’ ಆಯಿತು. ಇಂದಿಗೂ ಡೆಬಿಯನ್ ಅಥವಾ ಉಬುಂಟುವಿನಲ್ಲಿ ಜಿಸಿಸಿಯನ್ನು ಯಂತ್ರದ ಗುರುತು ಕೇಳಿದರೆ ಉತ್ತರದ ಕೊನೆಗೆ ಇದೇ ಜೋಡಿಪದ ಬರುತ್ತದೆ.

ಗ್ನೂ ಪಕ್ಷದವರು ಅಂಕಿ ಮುಂದಿಟ್ಟರು: ಆ ಕಾಲದ ಒಂದು ಸಿಡಿಯಲ್ಲಿದ್ದ ಒಟ್ಟು ಸೋರ್ಸ್ ಕೋಡಿನಲ್ಲಿ ಗ್ನೂ ಪಾಲು ಸುಮಾರು ಶೇಕಡ 28, ಕರ್ನೆಲ್ ಸುಮಾರು 3. ಹಾಗಾದರೆ ಉಳಿದ ಕೋಡು ಬರೆದವರ ಹೆಸರುಗಳನ್ನು ಎಲ್ಲಿ ಸೇರಿಸೋಣ ಎಂಬುದು ಎದುರಾಳಿಗಳ ಪ್ರಶ್ನೆ. ಗ್ನೂ ತಾನೇ ಒಂದು ವಿತರಣೆ ಹೊರತಂದರೆ ಆ ಹೆಸರು ಸರಿ, ಎಲ್ಲಕ್ಕೂ ಅದನ್ನು ಹಚ್ಚುವುದು ನಗೆಪಾಟಲು ಎಂದು ಟೊರ್ವಾಲ್ಡ್ಸ್ ತಳ್ಳಿಹಾಕಿದರು.

ಸ್ಟಾಲ್ಮನ್ ಪರವಾನಗಿಯ ಮೂಲಕ ಒತ್ತಾಯ ಹೇರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಜಾಹೀರಾತುಗಳಲ್ಲಿ ಕೃತಜ್ಞತಾವಾಕ್ಯ ಕಡ್ಡಾಯ ಮಾಡಿದ್ದ ಹಳೆಯ ಬಿಎಸ್‌ಡಿ ಪರವಾನಗಿಯನ್ನು ಬಲವಾಗಿ ವಿರೋಧಿಸಿದವರೇ ಅವರು. 1997ರ ನೆಟ್‌ಬಿಎಸ್‌ಡಿ ಆವೃತ್ತಿಯೊಂದರಲ್ಲಿ ಅಂಥ 75 ವಾಕ್ಯಗಳನ್ನು ಎಣಿಸಿ ತೋರಿಸಿದ್ದರು. ಆ ಪರವಾನಗಿ ಹೊರಡಿಸಿದ್ದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 1999ರಲ್ಲಿ ಆ ಷರತ್ತು ಕೈಬಿಟ್ಟಿತು. ಪರವಾನಗಿಯ ಒತ್ತಾಯ ಇಲ್ಲದ್ದರಿಂದ ಗ್ನೂ ಹೆಸರು ಬರೀ ಕೋರಿಕೆಯಾಗಿಯೇ ಉಳಿಯಿತು. ಚಿಕ್ಕ ಹೆಸರನ್ನೇ ಬಳಸುವ ಕಂಪನಿಗಳು, ಪತ್ರಿಕೆಗಳು ಅದಕ್ಕೆ ಕಿವಿಗೊಡಲಿಲ್ಲ.

ಆಂಡ್ರಾಯ್ಡ್ ಬಂದ ಮೇಲೆ ಗ್ನೂ ಪಕ್ಷದ ವಾದಕ್ಕೆ ಹೊಸ ಬಲ ಬಂತು. ಅದರಲ್ಲಿ ಲಿನಕ್ಸ್ ಕರ್ನೆಲ್ ಇದೆ, ಗ್ನೂ ಸಿ ಲೈಬ್ರರಿ ಇಲ್ಲ. ಆಂಡ್ರಾಯ್ಡ್, ಡೆಬಿಯನ್ ಎರಡನ್ನೂ ಬರೀ ಲಿನಕ್ಸ್ ಎಂದರೆ ವ್ಯತ್ಯಾಸ ತಿಳಿಯುವುದಿಲ್ಲ.

ಕನ್ನಡಕ್ಕೂ ಇದರಲ್ಲೊಂದು ಎಳೆಯಿದೆ. ಕೆ. ಪಿ. ರಾವ್ ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸ ಗ್ನೂ/ಲಿನಕ್ಸ್‌ನಲ್ಲಿ ಸಿಗುವುದು ‘ಕಗಪ’ ಎಂದು, ಕನ್ನಡ ಗಣಕ ಪರಿಷತ್ತಿನ ಹ್ರಸ್ವರೂಪದಲ್ಲಿ. ಅದೇ ಪಟ್ಟಿಯಲ್ಲಿ ಹಿಂದಿ, ಮರಾಠಿ, ಸಂಸ್ಕೃತಗಳಿಗೂ ‘ಕಗಪ’ ಮಾದರಿಗಳಿವೆ; ರಾವ್ ಅವರ ಹೆಸರು ಅಲ್ಲಿಲ್ಲ.