ಕೊಲ್ಲಾಪುರ ಸೀಮೆಯಲ್ಲಿ ಮನಶ್ಶಾಸ್ತ್ರಜ್ಞರ ಓದು ಮತ್ತು ನೋಂದಣಿ: ಒಂದು ಟಿಪ್ಪಣಿ

ಕೊಲ್ಲಾಪುರದಲ್ಲಾಗಲಿ ಇಚಲಕರಂಜಿ, ಗಡಹಿಂಗ್ಲಜಗಳಲ್ಲಾಗಲಿ ಮನಶ್ಶಾಸ್ತ್ರಜ್ಞ ಎಂದು ಫಲಕ ಹಾಕಿಕೊಂಡು ಕೂರಲು ಯಾರಿಗೆ ಅಧಿಕಾರವಿದೆ? ಇದಕ್ಕೆ ಒಂದೇ ಕಾನೂನಿನಲ್ಲಿ ಉತ್ತರ ಸಿಗುವುದಿಲ್ಲ. ಮೂರು ಕಾಯ್ದೆಗಳನ್ನು ಜೋಡಿಸಿ ಓದಬೇಕು. ಓದಿದ ಮೇಲೂ ಈ ಸೀಮೆಗೆ ಮುಖ್ಯವಾದ ಒಂದು ಸಂಗತಿ ಮೂರರಿಂದಲೂ ಹೊರಗುಳಿಯುತ್ತದೆ: ಚಿಕಿತ್ಸೆ ನಡೆಯುವ ಭಾಷೆ. ಗಡಹಿಂಗ್ಲಜ ತಾಲ್ಲೂಕಿನ ಮೂಡಣ ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಇಚಲಕರಂಜಿಯ ವಿದ್ಯುತ್ ಮಗ್ಗಗಳ ನಡುವೆಯೂ ಕನ್ನಡದ ಮನೆಗಳಿವೆ.

ಮೊದಲನೆಯದು 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆ. ಅದರ 13ನೇ ಕಲಮು ಖಡಾಖಂಡಿತ: ಮಾನ್ಯತೆ ಪಡೆದ ವಿದ್ಯಾರ್ಹತೆ ಇದ್ದು, ಕೇಂದ್ರ ಪುನರ್ವಸತಿ ರಿಜಿಸ್ಟರಿನಲ್ಲಿ ಹೆಸರಿರುವವರು ಮಾತ್ರ ದೇಶದಲ್ಲಿ ಎಲ್ಲಿಯಾದರೂ ಪುನರ್ವಸತಿ ವೃತ್ತಿ ನಡೆಸಬಹುದು, ಪ್ರಮಾಣಪತ್ರಕ್ಕೆ ಸಹಿ ಹಾಕಬಹುದು. ಮೀರಿದರೆ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೇ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. (ದಂಡದ ಮೊತ್ತ ಇಂದಿನ ಕೆಲವು ಸಮಾಲೋಚನೆಗಳ ಒಂದು ಗಂಟೆಯ ಶುಲ್ಕಕ್ಕೂ ಸಾಲದು.) ಮನಶ್ಶಾಸ್ತ್ರಜ್ಞರ ಪೈಕಿ ಈ ಕಾಯ್ದೆಯ ವ್ಯಾಪ್ತಿಗೆ ಬರುವವರು ಕ್ಲಿನಿಕಲ್ ಸೈಕಾಲಜಿಸ್ಟರು ಮತ್ತು ಪುನರ್ವಸತಿ ಮನಶ್ಶಾಸ್ತ್ರಜ್ಞರು, ಬರಿಯ ಎಂ.ಎ. ಮಾಡಿ ಕೌನ್ಸೆಲಿಂಗ್ ನಡೆಸುವವರು ಇದರಲ್ಲಿ ಇಲ್ಲ. ಅವರ ಹೆಸರು ಬರುವುದು ಎರಡನೆಯದಾದ 2021ರ ಅಲೈಡ್ ಮತ್ತು ಆರೋಗ್ಯಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯಲ್ಲಿ. ಅದರ ಅನುಸೂಚಿ, ಪುನರ್ವಸತಿ ಪರಿಷತ್ತಿನ ಕೈಕೆಳಗಿರುವ ಕ್ಲಿನಿಕಲ್ ಸೈಕಾಲಜಿಸ್ಟರನ್ನು ಬಿಟ್ಟು, ಉಳಿದ ಮನಶ್ಶಾಸ್ತ್ರಜ್ಞರನ್ನು ವರ್ತನಾ ಆರೋಗ್ಯದ ಗುಂಪಿಗೆ ಸೇರಿಸುತ್ತದೆ. ಅಂದರೆ ಮೂರು ದಶಕದ ಹತ್ತಿರ ಒಂದು ವರ್ಗಕ್ಕೆ ಬಿಗಿಯಾದ ಬಾಗಿಲಿತ್ತು, ಪಕ್ಕದಲ್ಲೇ ಇನ್ನೊಂದು ವರ್ಗಕ್ಕೆ ಬಾಗಿಲೇ ಇರಲಿಲ್ಲ.

ಮೂರನೆಯದು 2017ರ ಮಾನಸಿಕ ಆರೋಗ್ಯ ಪಾಲನೆ ಕಾಯ್ದೆ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದರೆ ಯಾರು ಎಂಬುದನ್ನು ಇದು ಬಿಡಿಸಿ ಹೇಳುತ್ತದೆ. ಪರಿಷತ್ತು ಒಪ್ಪಿದ ಸಂಸ್ಥೆಯಿಂದ ಕ್ಲಿನಿಕಲ್ ಸೈಕಾಲಜಿಯಲ್ಲಿ ಮಾನ್ಯ ಅರ್ಹತೆ ಪಡೆದಿರಬೇಕು. ಇಲ್ಲವೇ ಮನಶ್ಶಾಸ್ತ್ರದ ಸ್ನಾತಕೋತ್ತರ ಪದವಿಯ ಮೇಲೆ ಎರಡು ವರ್ಷ ಪೂರ್ಣಾವಧಿಯಲ್ಲಿ, ಹಿರಿಯರ ಮೇಲ್ವಿಚಾರಣೆಯ ಆಸ್ಪತ್ರೆ ತರಬೇತಿಯೊಂದಿಗೆ, ಎಂ.ಫಿಲ್. ಮುಗಿಸಿರಬೇಕು. 106ನೇ ಕಲಮಿನ ಪ್ರಕಾರ ತನ್ನ ವೃತ್ತಿಗೆ ಸಲ್ಲದ ಔಷಧಿಯನ್ನೋ ಚಿಕಿತ್ಸೆಯನ್ನೋ ಯಾರೂ ಸೂಚಿಸುವಂತಿಲ್ಲ. ಮನೋವೈದ್ಯರಿಗೂ ಮನಶ್ಶಾಸ್ತ್ರಜ್ಞರಿಗೂ ನಡುವಿನ ಗೆರೆ ಇಲ್ಲೇ ಬೀಳುತ್ತದೆ.

ಈ ಎಂ.ಫಿಲ್.ನ ಬೇರು ಬೆಂಗಳೂರಿನಲ್ಲಿದೆ. 1955ರಲ್ಲಿ ಅಂದಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ, ಅಂದರೆ ಮುಂದಿನ ನಿಮ್ಹಾನ್ಸ್, ಮೆಡಿಕಲ್ ಸೈಕಾಲಜಿಯ ಡಿಪ್ಲೊಮಾ ಆರಂಭಿಸಿತು. ಅದೇ ಮುಂದೆ ಎಂ.ಫಿಲ್. ಎನ್ನಿಸಿಕೊಂಡಿತು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಎಂ.ವಿ. ಗೋಪಾಲಸ್ವಾಮಿ 1924ರಲ್ಲೇ ಮನಶ್ಶಾಸ್ತ್ರ ವಿಭಾಗ ಕಟ್ಟಿದ್ದರು. ಆದರೆ ತರಗತಿಯ ಶಾಸ್ತ್ರ ವಾರ್ಡಿನ ವೃತ್ತಿಯಾದದ್ದು ಈ ಡಿಪ್ಲೊಮಾದಿಂದ. ಆ ಹಾದಿ ಈಗ ಮುಗಿಯುತ್ತಿದೆ. ಹೊಸ ಶಿಕ್ಷಣ ನೀತಿ ಎಂ.ಫಿಲ್.ಗೆ ಕೊನೆ ಹಾಡಿತು. ಕ್ಲಿನಿಕಲ್ ಸೈಕಾಲಜಿ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಕ್ಕೆ ಮಾತ್ರ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2025–26ರ ಸಾಲಿನವರೆಗೆ ವಿನಾಯಿತಿ ಕೊಟ್ಟಿತು.

ಓದಿನ ಈ ಏಣಿ ಗಡಿ ಪಟ್ಟಣದ ಹುಡುಗ ಹುಡುಗಿಯರಿಗೆ ಹೇಗೆ ಕಾಣುತ್ತದೆ? ಮೊದಲು ಹೆಸರಿಸಿದ ಮೂರೂ ಊರುಗಳು 1962ರ ನವೆಂಬರ್ 18ರಂದು ಆರಂಭವಾದ ಶಿವಾಜಿ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿವೆ. ಇಚಲಕರಂಜಿಯಲ್ಲಿ ಹಗಲು ದುಡಿದು ಬಂದವರಿಗೆಂದೇ ರಾತ್ರಿ ಕಾಲೇಜಿದೆ. ಆ ಊರಿನ ಓದಿನ ಲಯವೇ ಅದು. ಪೂರ್ಣಾವಧಿ ಎಂಬ ಕಾಯ್ದೆಯ ಪದ ಅಲ್ಲಿ ಭಾರವಾಗುತ್ತದೆ: ಎರಡು ವರ್ಷ ಕೂಲಿ ಬಿಡಬೇಕು, ಊರೂ ಬಿಡಬೇಕು. ಕೆಲಸದ ಜೊತೆಗೆ ದೂರಶಿಕ್ಷಣದಲ್ಲಿ ಎಂ.ಎ. ಮಾಡಿಕೊಳ್ಳುವ ದಾರಿಯೂ ಮುಚ್ಚಿದೆ. ಮನಶ್ಶಾಸ್ತ್ರ ಸೇರಿದಂತೆ ಆರೋಗ್ಯ ಸಂಬಂಧಿ ವಿಷಯಗಳನ್ನು ದೂರಶಿಕ್ಷಣ ಹಾಗೂ ಆನ್‌ಲೈನ್ ಮೂಲಕ ಕಲಿಸಬಾರದೆಂದು ಯುಜಿಸಿ 2025ರ ಜುಲೈ–ಆಗಸ್ಟ್ ಪ್ರವೇಶದಿಂದ ತಡೆದಿದೆ. ರೋಗಿಯ ಎದುರು ಕೂರದೆ ಈ ವಿದ್ಯೆ ಬಾರದು ಎಂಬ ವಾದವನ್ನು ನಾನು ಒಪ್ಪುತ್ತೇನೆ. ಒಪ್ಪಿದರೂ ಒಂದು ಲೆಕ್ಕ ಉಳಿಯುತ್ತದೆ: ಕಬ್ಬು, ಮಗ್ಗದ ಮನೆಗಳ ಮಕ್ಕಳು ಹೊರಗುಳಿದರೆ, ಆ ಮನೆಗಳ ಮಾತು ಬಲ್ಲ ಚಿಕಿತ್ಸಕರೂ ಹೊರಗುಳಿಯುತ್ತಾರೆ.

ಭಾಷೆಯ ವಿಷಯದಲ್ಲಿ ಹಿಂದಿನವರು ನಮಗಿಂತ ಎಚ್ಚರವಾಗಿದ್ದರು. ವಿ.ವಿ. ಕಾಮತರು ಬಿನೆ ಬುದ್ಧಿಪರೀಕ್ಷೆಯನ್ನು ಈ ಸೀಮೆಯ ಮಕ್ಕಳಿಗೆ ಒಗ್ಗಿಸಿದಾಗ ಕನ್ನಡ, ಮರಾಠಿ ಎರಡರಲ್ಲೂ ಸಿದ್ಧಪಡಿಸಿದರು. ಅವರ ಇಂಗ್ಲಿಷ್ ಗ್ರಂಥ 1940ರಲ್ಲಿ ಹೊರಬಂತು. ಧಾರವಾಡ, ಬೆಳಗಾವಿಗಳು ಆಗ ಮುಂಬಯಿ ಪ್ರಾಂತ್ಯದಲ್ಲಿದ್ದವು, ಕೊಲ್ಲಾಪುರ ಸಂಸ್ಥಾನವಾಗಿತ್ತು (1949ರ ಮಾರ್ಚ್ 1ರಂದು ಅದು ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಯಿತು). ಕರ್ನಾಟಕ–ಮಹಾರಾಷ್ಟ್ರ ಗಡಿಜಗಳ ಹುಟ್ಟುವ ಮೊದಲೇ ಹುಟ್ಟಿದ ಈ ಬಿನೆ-ಕಾಮತ್ ಪರೀಕ್ಷೆ ಎರಡೂ ರಾಜ್ಯಗಳಲ್ಲಿ ಬಳಕೆಯಲ್ಲಿ ಉಳಿದುಬಂದಿದೆ. ಅದರ ಮಾನಕಗಳು ಹಳಸಿವೆ: ಹಲವು ದಶಕಗಳ ಹಿಂದಿನ ಮಕ್ಕಳ ಸರಾಸರಿಗೆ ಇಂದಿನ ಮಗುವನ್ನು ಹೋಲಿಸಿದರೆ ಅಂಕ ಉಬ್ಬುತ್ತದೆ, ನೆರವು ಬೇಕಾದ ಮಗು ಅರ್ಹತೆಯ ಗೆರೆಯಿಂದ ಆಚೆ ಹೋಗಬಹುದು. ಇನ್ನೊಂದು ತೊಡಕು ಪರೀಕ್ಷಕರದು. ಮನೆಯಲ್ಲಿ ಕನ್ನಡ ಆಡುವ ಗಡಹಿಂಗ್ಲಜದ ಮಗುವಿಗೆ ಮರಾಠಿ ಆವೃತ್ತಿ ಮಾತ್ರ ಹಿಡಿದು ಪರೀಕ್ಷೆ ಮಾಡಿದರೆ ಅಳೆಯುವುದು ಬುದ್ಧಿಯನ್ನೋ ಮರಾಠಿಯನ್ನೋ ಎಂದು ಹೇಳಲಾಗದು. ಇಲ್ಲಿ ಮೊದಲಿನ ದೋಷಕ್ಕೆ ವಿರುದ್ಧವಾಗಿ ಅಂಕ ಕುಸಿಯುತ್ತದೆ. ಎರಡು ತಪ್ಪುಗಳು ಪರಸ್ಪರ ಸರಿದೂಗುತ್ತವೆ ಎಂದು ನಂಬಲು ಕಾರಣವಿಲ್ಲ.

ಕನ್ನಡದಲ್ಲೇ ಮಾತಾಡುವ ಚಿಕಿತ್ಸಕರು ಬೇಕೆಂದವರು ಸಂಕೇಶ್ವರ ದಾಟಿ ಬೆಳಗಾವಿಗೆ ಹೋಗಬಹುದು. ಇನ್ನೂ ಮುಂದೆ, 1845ರಲ್ಲಿ ಆರಂಭವಾದ ಆಸ್ಪತ್ರೆಯಿಂದ ಬೆಳೆದ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ರೋಗಿ ಗಡಿ ದಾಟುವುದಕ್ಕೆ ಯಾವ ಕಾಗದವೂ ಬೇಡ. ಚಿಕಿತ್ಸಕರು ಈಚೆ ಬರುವುದು ಹಾಗಲ್ಲ. ಪುನರ್ವಸತಿ ಪರಿಷತ್ತಿನ ನೋಂದಣಿ ಇಡೀ ದೇಶಕ್ಕೆ ಸಲ್ಲುತ್ತದೆ, ಆದರೆ 2017ರ ಕಾಯ್ದೆಯ 55ನೇ ಕಲಮು ಕ್ಲಿನಿಕಲ್ ಸೈಕಾಲಜಿಸ್ಟರನ್ನು ನೋಂದಾಯಿಸಿ ಪಟ್ಟಿ ಪ್ರಕಟಿಸುವ ಹೊಣೆಯನ್ನು ಆಯಾ ರಾಜ್ಯದ ಪ್ರಾಧಿಕಾರಕ್ಕೆ ಕೊಟ್ಟಿದೆ. ಹೀಗಾಗಿ ಧಾರವಾಡದಲ್ಲಿ ಕಲಿತು ಕರ್ನಾಟಕದ ಪಟ್ಟಿಯಲ್ಲಿರುವವರು ಗಡಹಿಂಗ್ಲಜದಲ್ಲಿ ಆ ಕಾಯ್ದೆಯಡಿ ಕೆಲಸ ಮಾಡಬೇಕಾದರೆ ಮಹಾರಾಷ್ಟ್ರದ ಪಟ್ಟಿಯಲ್ಲಿಯೂ ಹೆಸರು ಸೇರಿಸಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆ ಕನ್ನಡದಲ್ಲಿಯೂ ಓಗೊಡುತ್ತದೆ. ತುರ್ತಿಗೆ ಅದು ದೊಡ್ಡ ಆಸರೆ. ಆದರೆ ಫೋನಿನಲ್ಲಿ ಮಗುವಿನ ಬುದ್ಧಿಪರೀಕ್ಷೆ ಮಾಡಲು, ಅಂಗವಿಕಲತೆಯ ಪ್ರಮಾಣಪತ್ರಕ್ಕೆ ಬೇಕಾದ ವರದಿ ಬರೆಯಲು ಆಗುವುದಿಲ್ಲ.

ಅರ್ಹತೆಯ ಮೆಟ್ಟಿಲು ಇಳಿಸದೆಯೇ ಮಾಡಬಹುದಾದ ಒಂದು ಕೆಲಸವಿದೆ. ರಾಜ್ಯ ಪ್ರಾಧಿಕಾರ ಹೇಗೂ ಪಟ್ಟಿ ಪ್ರಕಟಿಸಲೇಬೇಕು. ಹೆಸರು, ವಿದ್ಯಾರ್ಹತೆ, ನೋಂದಣಿ ಸಂಖ್ಯೆಗಳ ಪಕ್ಕದಲ್ಲಿ ಆ ವ್ಯಕ್ತಿ ಯಾವ ಯಾವ ಭಾಷೆಯಲ್ಲಿ ಪರೀಕ್ಷೆ ಮತ್ತು ಚಿಕಿತ್ಸೆ ನಡೆಸಬಲ್ಲರು ಎಂಬ ಅಂಕಣವೊಂದನ್ನು ಸೇರಿಸಿದರೆ, ಗಡಹಿಂಗ್ಲಜ ತಾಲ್ಲೂಕಿನ ನೂಲಿನಿಂದಲೋ ಹಲಕರ್ಣಿಯಿಂದಲೋ ಮಗುವನ್ನು ಕರೆದುಕೊಂಡು ಕೊಲ್ಲಾಪುರದ ಸಿಪಿಆರ್ ಆಸ್ಪತ್ರೆಗೆ ಹೊರಡುವ ತಾಯಿ, ಬಸ್ ಹತ್ತುವ ಮೊದಲೇ ಯಾರನ್ನು ಕೇಳಬೇಕೆಂದು ತಿಳಿದುಕೊಳ್ಳಬಹುದು.