ಅರಮನೆಯ ಪಿಯಾನೋ, ನೆರೆಮನೆಯ ಪಿಯಾನೋ

ಫೆಬ್ರವರಿ ತಿಂಗಳು ಹತ್ತಿರವಾದಂತೆ ಮೌಂಟನ್ ವ್ಯೂ ನಗರದ ಕನ್ನಡ ಮನೆಗಳಲ್ಲಿ ಪಿಯಾನೋ ಪರೀಕ್ಷೆಯ ಸಡಗರ ಮೊದಲಾಗುತ್ತದೆ. ಸಂಜೆಯ ಹೊತ್ತು ಮಕ್ಕಳು ಒಂದೇ ಪುಟವನ್ನು ಹತ್ತಾರು ಸಲ ನುಡಿಸುತ್ತಿರುತ್ತಾರೆ. ಅಡಿಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುವ ತಾಯಿಗೂ ಆ ಪುಟ ಕಂಠಪಾಠವಾಗಿಬಿಟ್ಟಿರುತ್ತದೆ. ಊರಿನಿಂದ ಬಂದ ಹಿರಿಯರು ಇದನ್ನು ಕೇಳಿ, "ವೀಣೆಯ ನಾಡಿನಿಂದ ಬಂದ ನಮಗೆ ಈ ಪೆಟ್ಟಿಗೆಯ ಹಂಗೇಕಮ್ಮಾ?" ಎನ್ನುವುದುಂಟು. ಪ್ರಶ್ನೆ ನ್ಯಾಯವಾದದ್ದೇ. ಗಮಕವೇ ಪ್ರಾಣವಾದ ನಮ್ಮ ಸಂಗೀತಕ್ಕೆ, ಒಂದು ಸ್ವರದಿಂದ ಮತ್ತೊಂದಕ್ಕೆ ಜಾರಲಾರದ ಈ ವಾದ್ಯ ಸುಲಭವಾಗಿ ಒಗ್ಗುವುದಿಲ್ಲ. ಆದರೆ ಪಿಯಾನೋ ಕನ್ನಡಿಗರಿಗೆ ಪರಕೀಯವೆಂಬ ಮಾತನ್ನು ಮಾತ್ರ ಮೈಸೂರಿನ ಇತಿಹಾಸ ಒಪ್ಪುವುದಿಲ್ಲ.

ವೈಣಿಕ ಶಿಖಾಮಣಿ ವೀಣೆ ಶೇಷಣ್ಣನವರು (1852-1926) ವೀಣೆಯಲ್ಲದೆ ಪಿಟೀಲು, ಸ್ವರಬತ್, ಜಲತರಂಗಗಳ ಜೊತೆಗೆ ಪಿಯಾನೋವನ್ನೂ ನುಡಿಸಬಲ್ಲವರಾಗಿದ್ದರು. ಅವರ ತರುವಾಯದ ತಲೆಮಾರಿನಲ್ಲಿ ಅರಮನೆಯ ಮಕ್ಕಳಿಗೆ ಎರಡೂ ಸಂಗೀತಗಳ ಪಾಠ ನಡೆಯಿತು. ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಪುತ್ರಿ ವಿಜಯಾದೇವಿಯವರು ವೀಣೆಯನ್ನು ವೀಣೆ ವೆಂಕಟಗಿರಿಯಪ್ಪನವರಲ್ಲಿ ಕಲಿತರು. ಪಿಯಾನೋ ಕಲಿತದ್ದು ಮೈಸೂರಿನ ಗುಡ್ ಶೆಫರ್ಡ್ ಕಾನ್ವೆಂಟಿನ ಸಂನ್ಯಾಸಿನಿಯರಲ್ಲಿ. ಮುಂದೆ ಅವರು ನ್ಯೂಯಾರ್ಕಿನ ಜೂಲಿಯಾರ್ಡ್ ಶಾಲೆಯಲ್ಲಿ ಅಭ್ಯಾಸ ಮಾಡಿ, 1974ರಲ್ಲಿ ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಮ್ಯೂಸಿಕ್ ಅಂಡ್ ಆರ್ಟ್ಸ್ ಸೊಸೈಟಿಯನ್ನು ಸ್ಥಾಪಿಸಿದರು.

ಆಗ ಪರೀಕ್ಷೆ ಎಂದರೆ ಲಂಡನ್ನಿನ ಟ್ರಿನಿಟಿ ಕಾಲೇಜಿನ ಪರೀಕ್ಷೆ. 1872ರಲ್ಲಿ ಹುಟ್ಟಿದ ಆ ಸಂಸ್ಥೆ ಕೆಲವೇ ವರ್ಷಗಳಲ್ಲಿ ಹೊರಊರಿನ ವಿದ್ಯಾರ್ಥಿಗಳಿಗೂ ಪರೀಕ್ಷೆ ನಡೆಸತೊಡಗಿತ್ತು. ಸಮುದ್ರ ದಾಟಿ ಬಂದ ಪರೀಕ್ಷಕರು ಊರೂರು ತಿರುಗಿ, ಅಪರಿಚಿತ ಮಕ್ಕಳ ಮುಂದೆ ಕುಳಿತು, ಕೇಳಿ, ಅಂಕ ಬರೆದು ಮುಂದಿನ ಊರಿಗೆ ತೆರಳುತ್ತಿದ್ದರು. ವಿಜಯಾದೇವಿಯವರ ಸಹೋದರ ಜಯಚಾಮರಾಜ ಒಡೆಯರೂ (1919-1974) ಪಿಯಾನೋದಲ್ಲಿ ನುರಿತವರು. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಅವರದಾಗಿತ್ತು; 1945ರಲ್ಲಿ ಟ್ರಿನಿಟಿ ಕಾಲೇಜು ಅವರನ್ನು ಗೌರವ ಫೆಲೋ ಆಗಿ ಮನ್ನಿಸಿತು. ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರೂ ಇವರೇ ಎಂಬುದನ್ನು ನಮ್ಮ ಹಿರಿಯರಿಗೆ ನೆನಪಿಸುವುದು ನನಗೆ ಬಲು ಇಷ್ಟ.

ಈ ಮಹಾರಾಜರಿಗೂ ರಷ್ಯಾದ ನಿಕೊಲಾಯ್ ಮೆಟ್ನರ್ ಅವರಿಗೂ ಬೆಳೆದ ನಂಟು ಸ್ಮರಣೀಯವಾದದ್ದು. ಮೆಟ್ನರ್ ಮಹಾನ್ ಪಿಯಾನೋ ರಚನಕಾರರು. ಆದರೆ ಲೋಕ ಅವರನ್ನು ಹೆಚ್ಚು ಗಮನಿಸಲಿಲ್ಲ. ಅವರನ್ನು ಉಳಿಸಿದ್ದು ಸಂಗೀತಗಾರರ ಗೆಳೆತನ. ರಾಖ್ಮನಿನಾಫ್ ತಮ್ಮ ನಾಲ್ಕನೆಯ ಪಿಯಾನೋ ಕನ್ಚರ್ಟೋವನ್ನು ಮೆಟ್ನರ್‌ಗೆ ಅರ್ಪಿಸಿದರು. ಮೆಟ್ನರ್ ತಮ್ಮ ಎರಡನೆಯದನ್ನು ರಾಖ್ಮನಿನಾಫ್‌ಗೆ ಅರ್ಪಿಸಿದರು. ಇಂಗ್ಲೆಂಡಿನಲ್ಲಿ ನೆಲೆಸಿದ ಮೇಲೆ ಪಾಠ ಹೇಳುವುದೂ ಅವರ ಜೀವನೋಪಾಯವಾಯಿತು. ಮಹಾಯುದ್ಧದ ಕಾಲದಲ್ಲಿ ಲಂಡನ್ ತೊರೆದ ಮೆಟ್ನರ್ ದಂಪತಿಗಳಿಗೆ ಶಿಷ್ಯೆ, ಪಿಯಾನೋ ವಾದಕಿ ಎಡ್ನಾ ಐಲ್ಸ್ ವಾರಿಕ್‌ಷೈರಿನ ತಮ್ಮ ಮನೆಯಲ್ಲಿ ಆಶ್ರಯವಿತ್ತರು. ಹೃದಯಾಘಾತಕ್ಕೀಡಾದ ಗುರು ಅಲ್ಲಿಯೇ ಚೇತರಿಸಿಕೊಂಡು ತಮ್ಮ ಮೂರನೆಯ ಕನ್ಚರ್ಟೋವನ್ನು ಮುಗಿಸಿದರು. ಯುದ್ಧ ಮುಗಿದ ಮೇಲೆ ಮೈಸೂರಿನ ಅರಸರು ಧನಸಹಾಯ ನೀಡಿ ಮೆಟ್ನರ್ ಸೊಸೈಟಿಯ ಹೆಸರಿನಲ್ಲಿ ಎಚ್.ಎಂ.ವಿ. ಧ್ವನಿಮುದ್ರಿಕೆಗಳು ಹೊರಬರುವಂತೆ ಮಾಡಿದರು. 1951ರಲ್ಲಿ ತೀರಿಕೊಳ್ಳುವ ಮುನ್ನ ಆ ವೃದ್ಧ ತಮ್ಮ ಮೂರೂ ಕನ್ಚರ್ಟೋಗಳನ್ನು ಸ್ವತಃ ನುಡಿಸಿ ಮುದ್ರಿಸಿದ್ದರು. ಮೂರನೆಯದು ಮೈಸೂರು ಮಹಾರಾಜರಿಗೆ ಅರ್ಪಿತವಾಗಿದೆ.

ಅರಸರ ಔದಾರ್ಯವನ್ನು ನಾವು ಕೊಂಡಾಡುತ್ತೇವೆ, ಕೊಂಡಾಡಬೇಕಾದದ್ದೇ. ಆದರೆ ರಾಜಕುಮಾರಿಯ ಬೆರಳುಗಳನ್ನು ಮೊದಲ ಬಾರಿಗೆ ಮನೆಗಳ ಮೇಲೆ ಇರಿಸಿದ ಆ ಸಂನ್ಯಾಸಿನಿಯರ ಹೆಸರು ಯಾರ ನಾಲಗೆಯ ಮೇಲಿದೆ? ವೆಂಕಟಗಿರಿಯಪ್ಪನವರ ಹೆಸರು ಉಳಿಯಿತು, ಅವರದು ಉಳಿಯಲಿಲ್ಲ. ಪಿಯಾನೋ ಪಾಠದ ಚರಿತ್ರೆಯಲ್ಲಿ ಇದು ಎಲ್ಲೆಡೆಯ ಕಥೆ.

ಅಮೆರಿಕದಲ್ಲಿ ಇಂಥ ಗುರುಗಳು ಒಟ್ಟುಗೂಡಿ ಸಂಘ ಕಟ್ಟಿದ್ದರಿಂದ ಅವರ ಕೆಲಸಕ್ಕೆ ಒಂದು ನೆಲೆ ದೊರೆಯಿತು. ಟೆಕ್ಸಾಸ್ ರಾಜ್ಯದ ಆಬಿಲೀನ್ ಎಂಬ ಊರಿನಲ್ಲಿ 1929ರಲ್ಲಿ ಅರ್ಲ್ ಆಲಿಸನ್ ಆರಂಭಿಸಿದ ನ್ಯಾಷನಲ್ ಗಿಲ್ಡ್ ಆಫ್ ಪಿಯಾನೋ ಟೀಚರ್ಸ್ ಆಡಿಷನ್ನಿನಲ್ಲಿ ಮಕ್ಕಳು ಒಬ್ಬರೊಡನೊಬ್ಬರು ಸೆಣಸುವುದಿಲ್ಲ. ತಾನು ಎಷ್ಟು ಕೃತಿಗಳನ್ನು ಒಪ್ಪಿಸಬಲ್ಲೆನೆಂದು ಮಗುವೇ ಮುಂಚಿತವಾಗಿ ತಿಳಿಸುತ್ತದೆ. ಹತ್ತು ಕೃತಿಗಳನ್ನು ಪುಸ್ತಕ ನೋಡದೆ ನುಡಿಸಿದರೆ ರಾಷ್ಟ್ರೀಯ ಮಟ್ಟದ ಮನ್ನಣೆ. 1958ರಲ್ಲಿ ವ್ಯಾನ್ ಕ್ಲೈಬರ್ನ್ ಮಾಸ್ಕೋದ ಚೈಕಾವ್ಸ್ಕಿ ಸ್ಪರ್ಧೆಯಲ್ಲಿ ಗೆದ್ದು ಬಂದಾಗ, ಅವರ ಹೆಸರಿನ ಸ್ಪರ್ಧೆಗೆ 10,000 ಡಾಲರ್ ಬಹುಮಾನ ಘೋಷಿಸಿದವರು ಇದೇ ಆಲಿಸನ್. 1962ರಲ್ಲಿ ನಡೆದ ಮೊದಲ ಸ್ಪರ್ಧೆಯ ಹೊರೆ ಹೊತ್ತವರು ಗ್ರೇಸ್ ವಾರ್ಡ್ ಲ್ಯಾಂಕ್‌ಫರ್ಡ್ ಮತ್ತು ಫೋರ್ಟ್ ವರ್ತ್ ಊರಿನ ಪಿಯಾನೋ ಶಿಕ್ಷಕರು. ಕ್ಲೈಬರ್ನ್‌ಗೆ ಮೊದಲ ಗುರುವಾದವರೂ ಮನೆಯಲ್ಲಿ ಪಾಠ ಹೇಳುತ್ತಿದ್ದ ಅವರ ತಾಯಿಯೇ.

ನಮ್ಮ ಕ್ಯಾಲಿಫೋರ್ನಿಯಾದ ಸಂಗೀತ ಶಿಕ್ಷಕರ ಸಂಘ ಇದಕ್ಕಿಂತ ಹಿಂದಿನದು; 1897ರಲ್ಲಿ ಸ್ಥಾಪನೆಯಾಯಿತು. ಸರ್ಟಿಫಿಕೇಟ್ ಆಫ್ ಮೆರಿಟ್ ಎಂಬ ಅದರ ಪರೀಕ್ಷೆ 1933ರಿಂದ ನಡೆದುಬಂದಿದೆ. ನಮ್ಮ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳಂತೆ ಇಲ್ಲಿಯೂ ಮೆಟ್ಟಿಲುಗಳಿವೆ. ಕೃತಿಗಳನ್ನು ನುಡಿಸುವುದರ ಜೊತೆಗೆ ಬೆರಳಿನ ಸಾಧನೆ, ಹಿಂದೆಂದೂ ನೋಡದ ಸ್ವರಲಿಪಿಯನ್ನು ಕಂಡೊಡನೆ ನುಡಿಸುವುದು, ಕಿವಿಯ ಪರೀಕ್ಷೆ, ಶಾಸ್ತ್ರದ ಲಿಖಿತ ಪರೀಕ್ಷೆ ಇವೆಲ್ಲವೂ ಸೇರಿವೆ. ಸ್ವಂತ ಗುರು ಪರೀಕ್ಷಕರಾಗುವಂತಿಲ್ಲ. ಮಕ್ಕಳನ್ನು ಪರೀಕ್ಷೆಗೆ ಕೂರಿಸುವ ಶಿಕ್ಷಕರು ಪರೀಕ್ಷೆಯ ದಿನ ತಾವೂ ದುಡಿಯಬೇಕು. ಒಬ್ಬರು ಬಾಗಿಲ ಬಳಿ ನಿಂತು ಹೆದರಿದ ಮಗುವಿಗೆ ಧೈರ್ಯ ಹೇಳುತ್ತಾರೆ, ಮತ್ತೊಬ್ಬರು ಕಾಗದಪತ್ರ ನೋಡಿಕೊಳ್ಳುತ್ತಾರೆ. ವರ್ಷವಿಡೀ ತಮ್ಮ ಮನೆಯ ಮುಂಗೋಣೆಯಲ್ಲಿ ಒಂಟಿಯಾಗಿ ಪಾಠ ಹೇಳುವ ಈ ಹೆಂಗಸರಿಗೆ ಆ ದಿನವೇ ಸಮ್ಮೇಳನ. ಚೀನಾದಿಂದ ಬಂದವರು, ರಷ್ಯಾದವರು, ನಮ್ಮ ದೇಶದವರು ಊಟದ ಡಬ್ಬಿ ಹಂಚಿಕೊಂಡು ಒಂದೇ ಬೆಂಚಿನ ಮೇಲೆ ಕುಳಿತಿರುವುದನ್ನು ನಾನು ನೋಡಿದ್ದೇನೆ. ಕೈಸೋತ ಗೆಳತಿಯ ಶಿಷ್ಯರಿಗೆ ಮತ್ತೊಬ್ಬರು ತಿಂಗಳುಗಟ್ಟಲೆ ಪಾಠ ಹೇಳಿ, ಬಳಿಕ ಅಷ್ಟೂ ಮಕ್ಕಳನ್ನು ಹಿಂದಕ್ಕೊಪ್ಪಿಸಿದ್ದನ್ನೂ ಬಲ್ಲೆ. ಶಿಷ್ಯರನ್ನು ಸೆಳೆದುಕೊಂಡರೆಂಬ ದೂರು ನಮ್ಮ ಸಂಗೀತವಲಯದಲ್ಲಿ ಕಿವಿಗೆ ಬೀಳದ ದಿನವುಂಟೆ?

ಮೌಂಟನ್ ವ್ಯೂ ನಗರದ ಕಮ್ಯೂನಿಟಿ ಸ್ಕೂಲ್ ಆಫ್ ಮ್ಯೂಸಿಕ್ ಅಂಡ್ ಆರ್ಟ್ಸ್ 1968ರಲ್ಲಿ ಹುಟ್ಟಿದ್ದು ಸರ್ಕಾರಿ ಶಾಲೆಗಳಲ್ಲಿ ಕಲಾಶಿಕ್ಷಣ ಸೊರಗತೊಡಗಿದ್ದರಿಂದ. 1978ರಲ್ಲಿ ಆಸ್ತಿತೆರಿಗೆಗೆ ಮಿತಿ ಹಾಕಿದ ಹದಿಮೂರನೆಯ ಪ್ರಸ್ತಾವ ಜಾರಿಗೆ ಬಂದ ಮೇಲೆ ಶಾಲೆಗಳ ಸಂಗೀತಕ್ಕೆ ಇನ್ನಷ್ಟು ಪೆಟ್ಟು ಬಿತ್ತು. ಆ ಸಂಸ್ಥೆಗೆ ಫಿನ್ ಸೆಂಟರ್ ಎಂಬ ಸ್ವಂತ ಕಟ್ಟಡ ದೊರೆತದ್ದು 2004ರಲ್ಲಿ. ನಮ್ಮ ಮಕ್ಕಳು ಅಲ್ಲಿಯೂ ಕಲಿಯುತ್ತಾರೆ, ನೆರೆಮನೆಯ ಗುರುಗಳಲ್ಲಿಯೂ ಕಲಿಯುತ್ತಾರೆ. ತಾಯಂದಿರಾದ ನಾವು ಮಾತ್ರ ಮಗು ಎಷ್ಟನೆಯ ಮಟ್ಟ ಮುಟ್ಟಿತೆಂದು ಪರಸ್ಪರ ವಿಚಾರಿಸುತ್ತೇವೆಯೇ ಹೊರತು ಕಲಿಸಿದವರು ಯಾರೆಂದು ಕೇಳುವುದು ಅಪರೂಪ. ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ ಮನೆಗಳಲ್ಲಿ ಗುರುವಿನ ಒಂದು ಭಾವಚಿತ್ರವನ್ನು ನಾನಂತೂ ಕಂಡಿಲ್ಲ.

ಈ ಸಂಚಿಕೆಯನ್ನು ಓದುವ ಹಿರಿಯರಲ್ಲಿ ಮೈಸೂರು, ಬೆಂಗಳೂರುಗಳ ಕಾನ್ವೆಂಟುಗಳಲ್ಲಿ ಪಿಯಾನೋ ಕಲಿತ ಸೋದರಿಯರು ಕೆಲವರಾದರೂ ಇರಬಹುದು. ಹೇಳಿಕೊಟ್ಟವರ ಹೆಸರು, ಪಾಠ ನಡೆದ ಕೋಣೆ, ಪರೀಕ್ಷೆಗೆ ಕುಳಿತ ವರ್ಷ ಇಷ್ಟನ್ನು ದಯವಿಟ್ಟು ಬರೆದಿಡಿ. ಮೊಮ್ಮಗಳ ಪಿಯಾನೋ ಪುಸ್ತಕದ ರಟ್ಟಿನ ಒಳಬದಿಯಾದರೂ ಸಾಕು; ಅದರ ಕೆಳಗೆ ಅವಳ ಈಗಿನ ಗುರುವಿನ ಹೆಸರನ್ನೂ ಅವಳ ಕೈಯಿಂದಲೇ ಬರೆಸಿ.